ಮಿದುಳಿನ ಗಡ್ಡೆಯ ರಕ್ತಸ್ರಾವ: ಬಳ್ಳಾರಿ ಸೀಮೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

೧

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರಾಂತದಲ್ಲಿ ವಯಸ್ಸಾದವರೊಬ್ಬರು ಹಠಾತ್ತನೆ ಮಾತು ತೊದಲಿ, ಒಂದು ಪಕ್ಕದ ಕೈಕಾಲು ಸೋತು ನೆಲಕ್ಕುರುಳಿದರೆ ‘ಲಕ್ವ ಹೊಡೆಯಿತು’ ಎನ್ನುವುದು ವಾಡಿಕೆ. ಈ ಒಂದು ಮಾತಿನಿಂದ ರೋಗದ ಹೆಸರೂ ಅದರ ಕಾರಣವೂ ಒಮ್ಮೆಗೇ ನಿರ್ಣಯವಾದಂತೆ ಮನೆಯವರು ಭಾವಿಸುತ್ತಾರೆ. ವಯಸ್ಸು ಎಪ್ಪತ್ತನ್ನು ದಾಟಿದ್ದರಂತೂ ಹೆಚ್ಚಿನ ವಿಚಾರಣೆಯ ಅಗತ್ಯವೇ ಕಾಣುವುದಿಲ್ಲ. ಆದರೆ ಹೀಗೆ ಬಿದ್ದವರೆಲ್ಲರ ಮಿದುಳಿನಲ್ಲಿಯೂ ನಡೆದಿರುವುದು ಒಂದೇ ಬಗೆಯ ಅನಾಹುತವಲ್ಲ. ಬಹುಮಂದಿಯಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ. ಕೆಲವರಲ್ಲಿ ರಕ್ತದ ಒತ್ತಡವನ್ನು ತಾಳಲಾರದೆ ನಾಳ ಒಡೆದಿರುತ್ತದೆ. ಇನ್ನು ಕೆಲವೇ ಮಂದಿಯಲ್ಲಿ, ಅದುವರೆಗೆ ಯಾರಿಗೂ ತಿಳಿಯದಂತೆ ತಲೆಯೊಳಗೆ ಬೆಳೆಯುತ್ತಿದ್ದ ಗಡ್ಡೆಯೊಂದರಲ್ಲಿ ರಕ್ತಸ್ರಾವವಾಗಿರುತ್ತದೆ. ಈ ಮೂರನೆಯ ವರ್ಗವೇ ಪ್ರಸ್ತುತ ಲೇಖನದ ವಿಷಯ.

ವೈದ್ಯಗ್ರಂಥಗಳು ಈ ವರ್ಗವನ್ನು ವಿರಳವೆಂದು ಹೇಳುತ್ತವೆ, ಅದು ತಪ್ಪಲ್ಲ. ಆದರೆ ಒಂದು ವಸ್ತು ವಿರಳವೆಂಬ ಹೇಳಿಕೆಯ ಹಿಂದೆ ಅದನ್ನು ಹುಡುಕಿದವರು ಯಾರು, ಯಾವ ಸಾಧನದಿಂದ ಹುಡುಕಿದರು, ಎಲ್ಲಿ ಹುಡುಕಲೇ ಇಲ್ಲ ಎಂಬ ಪ್ರಶ್ನೆಗಳಿರುತ್ತವೆ. ಇವು ಚರಿತ್ರೆಯ ಪ್ರಶ್ನೆಗಳು. ಈ ರೋಗವು ಬಳ್ಳಾರಿ ಸೀಮೆಯ ಹಿರಿಯರಲ್ಲಿ ಬಹುಕಾಲ ಕಾಣದೆ ಉಳಿದುದಕ್ಕೆ ಅದರ ವಿರಳತೆಯೊಂದೇ ಕಾರಣವಲ್ಲವೆಂದೂ, ರೋಗಕ್ಕೆ ಇಟ್ಟ ಹೆಸರು, ಮರಣವನ್ನು ಬರೆದಿಟ್ಟ ದಫ್ತರ, ಆಸ್ಪತ್ರೆಗೆ ಇದ್ದ ದಾರಿ, ವೃದ್ಧಾಪ್ಯವನ್ನು ಕುರಿತ ನಮ್ಮ ಧೋರಣೆ ಈ ನಾಲ್ಕೂ ಕೂಡಿ ಅದನ್ನು ಮರೆಮಾಡಿದುವೆಂದೂ ತೋರಿಸುವುದು ಈ ಬರಹದ ಉದ್ದೇಶ.

೨

ಮೊದಲು ಹೆಸರಿನ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ ೮೦ ವಾತರೋಗಗಳಲ್ಲಿ ‘ಪಕ್ಷವಧ’ವೂ ಒಂದು, ಮುಖದ ಒಂದು ಪಾರ್ಶ್ವ ಸೊಟ್ಟಗಾಗುವ ‘ಅರ್ದಿತ’ವೂ ಅಲ್ಲಿಯೇ ಬರುತ್ತದೆ. ಸುಶ್ರುತನು ನಿದಾನಸ್ಥಾನದಲ್ಲಿ ಪಕ್ಷಾಘಾತವನ್ನು ವಾತವ್ಯಾಧಿಗಳ ಅಧ್ಯಾಯದಲ್ಲಿಯೂ, ಗಡ್ಡೆಯನ್ನು ಸೂಚಿಸುವ ‘ಅರ್ಬುದ’ವನ್ನು ಗ್ರಂಥಿ, ಗಲಗಂಡ ಮೊದಲಾದವುಗಳೊಡನೆ ಬೇರೊಂದು ಅಧ್ಯಾಯದಲ್ಲಿಯೂ ವಿವರಿಸಿದ್ದಾನೆ. ಅರ್ಬುದವು ಶರೀರದ ಯಾವ ಭಾಗದಲ್ಲಾದರೂ ತೋರಬಹುದು, ಅದು ನಿಧಾನವಾಗಿ ಬೆಳೆಯುತ್ತದೆ, ಅದರ ಬೇರು ಆಳವಾಗಿರುತ್ತದೆ ಎಂಬ ಅವನ ಲಕ್ಷಣಗಳು ಇಂದಿಗೂ ಗಮನಾರ್ಹವಾಗಿವೆ. ರಕ್ತವನ್ನು ಸ್ರವಿಸುವ ‘ರಕ್ತಾರ್ಬುದ’ವೆಂಬ ಭೇದವನ್ನೂ ಅವನು ಗುರುತಿಸಿದ್ದಾನೆ. ಆದರೆ ಪಕ್ಷಾಘಾತದ ಅಧ್ಯಾಯಕ್ಕೂ ಅರ್ಬುದದ ಅಧ್ಯಾಯಕ್ಕೂ ನಡುವೆ ಸೇತುವೆಯಿರಲಿಲ್ಲ. ಅರ್ಬುದವು ಕೈಗೆ ತಗಲುವ, ಕಣ್ಣಿಗೆ ಕಾಣುವ ರೋಗ. ತಲೆಯ ಚಿಪ್ಪಿನೊಳಗಿನದು ಹಾಗೆ ಕಾಣುವಂತಹುದಲ್ಲ. ೧೨ನೆಯ ಶತಮಾನದ ಜಗದ್ದಳ ಸೋಮನಾಥನ ಕಲ್ಯಾಣಕಾರಕವೇ ಮೊದಲಾದ ಗ್ರಂಥಗಳಿಂದ ಕನ್ನಡದಲ್ಲಿ ವೈದ್ಯವಾಙ್ಮಯವು ಬೆಳೆದುಬಂದಿತಾದರೂ ಈ ಮಿತಿಯು ಆ ಕಾಲದ ಜಗತ್ತಿನ ಎಲ್ಲ ವೈದ್ಯಪದ್ಧತಿಗಳಿಗೂ ಸಮಾನವಾಗಿತ್ತು.

‘ಲಕ್ವ’ವು ಅರಬ್ಬೀ ಮೂಲದ ಶಬ್ದ. ಯುನಾನಿ ವೈದ್ಯದ ಪರಿಭಾಷೆಯಲ್ಲಿ ಅದಕ್ಕೆ ಮುಖದ ಪಾರ್ಶ್ವವಾಯುವೆಂಬ ಅರ್ಥ ಮಾತ್ರವಿದೆ. ಅರ್ಧಶರೀರ ಸೋಲುವುದಕ್ಕೆ ಅಲ್ಲಿ ‘ಫಾಲಿಜ್’ ಎಂಬ ಬೇರೆ ಮಾತಿದೆ. ಅಂದರೆ ಅರ್ದಿತ, ಪಕ್ಷವಧಗಳ ನಡುವೆ ಆಯುರ್ವೇದವು ಮಾಡಿದ ವಿಭಾಗವನ್ನೇ ಯುನಾನಿಯೂ ಮಾಡಿತ್ತು. ನಮ್ಮ ಸೀಮೆಯ ಆಡುಮಾತಿನಲ್ಲಿ ಈ ಭೇದವು ಅಳಿದು, ಮುಖ ಸೊಟ್ಟಗಾದುದೂ ಕೈಕಾಲು ಬಿದ್ದುದೂ ಪ್ರಜ್ಞೆ ತಪ್ಪಿದುದೂ ಎಲ್ಲವೂ ಲಕ್ವವಾಯಿತು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಬಳ್ಳಾರಿಯ ಪೇಟೆಯಲ್ಲಿ ಶಾಸ್ತ್ರದ ಮಾತೊಂದು ಹೀಗೆ ಸಡಿಲಗೊಂಡುದು ಆಶ್ಚರ್ಯವಲ್ಲ. ಇಲ್ಲಿ ಮತ್ತೊಂದು ಸಾಮ್ಯವೂ ಗಮನಿಸತಕ್ಕದ್ದು. ಗ್ರೀಕರ ‘ಅಪೊಪ್ಲೆಕ್ಸಿ’ ಎಂಬ ಶಬ್ದಕ್ಕೂ ಇಂಗ್ಲಿಷಿನ ‘ಸ್ಟ್ರೋಕ್’ ಎಂಬುದಕ್ಕೂ ಹೊಡೆತವೆಂದೇ ಅರ್ಥ. ನಮ್ಮಲ್ಲಿಯೂ ಲಕ್ವವು ‘ಹೊಡೆಯು’ತ್ತದೆ. ಹೊರಗಿನಿಂದ ಯಾವುದೋ ಶಕ್ತಿ ಬಂದು ಹೊಡೆಯಿತೆಂಬ ಕಲ್ಪನೆ ಈ ಮಾತುಗಳೆಲ್ಲದರಲ್ಲಿಯೂ ಅಡಗಿದೆ. ವರ್ಷಗಟ್ಟಲೆ ಒಳಗೇ ಬೆಳೆದು ಒಂದು ದಿನ ರಕ್ತ ಕಾರುವ ಗಡ್ಡೆಗೆ ಈ ಕಲ್ಪನೆಯಲ್ಲಿ ಸ್ಥಳವಿಲ್ಲ.

೩

ಹೊಡೆತದ ಹಿಂದೆ ರಕ್ತವಿದೆಯೆಂಬುದನ್ನು ಶವಪರೀಕ್ಷೆಯಿಂದ ಸ್ಥಾಪಿಸಿದವನು ಸ್ವಿಟ್ಜರ್‌ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್. ೧೬೫೮ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ, ಹಠಾತ್ತನೆ ಬಿದ್ದು ಸತ್ತವರ ಮಿದುಳಿನಲ್ಲಿ ನಾಳದಿಂದ ಹೊರಬಿದ್ದ ರಕ್ತ ಶೇಖರಗೊಂಡಿದ್ದುದರ ವರ್ಣನೆಯಿದೆ. ಅನಂತರ ೧೭೬೧ರಲ್ಲಿ ಇಟಲಿಯ ಮೊರ್ಗಾನ್ಯಿ, ಜೀವಂತ ರೋಗಿಯಲ್ಲಿ ಕಂಡ ಲಕ್ಷಣವನ್ನು ಶವದಲ್ಲಿ ಕಂಡ ವಿಕಾರದೊಡನೆ ಹೊಂದಿಸುವ ಪದ್ಧತಿಯನ್ನು ತನ್ನ ಮಹಾಗ್ರಂಥದಿಂದ ದೃಢಪಡಿಸಿದನು. ೧೮೬೮ರಲ್ಲಿ ಪ್ಯಾರಿಸ್ಸಿನ ಷಾರ್ಕೊ ಮತ್ತು ಬುಷಾರ್ ಇಬ್ಬರೂ ಮಿದುಳಿನ ಸೂಕ್ಷ್ಮ ನಾಳಗಳಲ್ಲಿ ಚಿಕ್ಕ ಚಿಕ್ಕ ಉಬ್ಬುಗಳಾಗಿ ಅವು ಒಡೆಯುವುದರಿಂದ ರಕ್ತಸ್ರಾವವಾಗುತ್ತದೆಂದು ವಿವರಿಸಿದರು.

ಈ ವಿವರಣೆಗೆ ಪೂರ್ಣ ಬಲ ಬಂದುದು ರಕ್ತದ ಒತ್ತಡವನ್ನು ಅಳೆಯುವ ಸಾಧನದಿಂದ. ೧೮೯೬ರಲ್ಲಿ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆಯುವ ಯಂತ್ರವನ್ನು ರಚಿಸಿದನು; ೧೯೦೫ರಲ್ಲಿ ರಷ್ಯದ ಕೊರೊಟ್ಕೋವ್ ನಾಡಿಯ ಶಬ್ದವನ್ನು ಕೇಳಿ ಅಳೆಯುವ ಕ್ರಮವನ್ನು ಸೂಚಿಸಿದನು. ಇಂದು ಕುರುಗೋಡಿನ ಆಸ್ಪತ್ರೆಯಲ್ಲಾಗಲಿ ಸಿರುಗುಪ್ಪದ ಆಸ್ಪತ್ರೆಯಲ್ಲಾಗಲಿ ರೋಗಿ ಒಳಕ್ಕೆ ಬಂದ ಕೂಡಲೇ ಮೊದಲು ನಡೆಯುವ ಪರೀಕ್ಷೆ ಇದೇ. ವೃದ್ಧರಲ್ಲಿ ಮಿದುಳಿನ ರಕ್ತಸ್ರಾವಕ್ಕೆ ರಕ್ತದೊತ್ತಡವೇ ಪ್ರಮುಖ ಕಾರಣವೆಂಬುದು ನಿರ್ವಿವಾದ. ಆದರೆ ಯಶಸ್ವಿಯಾದ ವಿವರಣೆಯು ಇತರ ವಿವರಣೆಗಳನ್ನು ಬದಿಗೆ ತಳ್ಳುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಲ್ಲ. ಎಪ್ಪತ್ತು ವರ್ಷದ ಒಬ್ಬನಲ್ಲಿ ಒತ್ತಡ ಹೆಚ್ಚಿದೆಯೆಂದು ಕಂಡ ಮಾತ್ರಕ್ಕೆ ಅವನ ಮಿದುಳಿನಲ್ಲಿ ಗಡ್ಡೆಯಿಲ್ಲವೆಂದು ಸಿದ್ಧವಾಗುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಅಷ್ಟೇ ಅಲ್ಲದೆ, ರಕ್ತಸ್ರಾವವಾಗಿ ತಲೆಯೊಳಗಿನ ಒತ್ತಡ ಏರಿದಾಗ ಅದರ ಪರಿಣಾಮವಾಗಿಯೂ ರಕ್ತದೊತ್ತಡ ಮೇಲೇರುತ್ತದೆ. ಪರಿಣಾಮವನ್ನೇ ಕಾರಣವೆಂದು ಬಗೆಯುವ ಅಪಾಯ ಇಲ್ಲಿದೆ. ಈ ಪರಿಣಾಮವನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಅಮೆರಿಕದ ಹಾರ್ವೆ ಕುಷಿಂಗ್. ರಿವಾ-ರೊಚ್ಚಿಯ ಯಂತ್ರವನ್ನು ೧೯೦೧ರಲ್ಲಿ ಇಟಲಿಯಿಂದ ಅಮೆರಿಕಕ್ಕೆ ಕೊಂಡೊಯ್ದವನೂ ಅವನೇ; ಮುಂದೆ ಮಿದುಳಿನ ಗಡ್ಡೆಗಳ ವರ್ಗೀಕರಣಕ್ಕೆ ತಳಹದಿ ಹಾಕಿದವನೂ ಅವನೇ.

೪

ಮಿದುಳಿನ ಗಡ್ಡೆಯನ್ನು ಜೀವಂತ ಮನುಷ್ಯನ ತಲೆಯಿಂದ ತೆಗೆಯಬಹುದೆಂಬುದು ೧೯ನೆಯ ಶತಮಾನದ ಕೊನೆಯಲ್ಲಿ ಸಿದ್ಧವಾಯಿತು. ೧೮೭೯ರಲ್ಲಿ ಗ್ಲಾಸ್ಗೋದ ಮೆಕ್ಯೂಯೆನ್, ೧೮೮೪ರಲ್ಲಿ ಲಂಡನ್ನಿನ ರಿಕ್‌ಮನ್ ಗಾಡ್ಲೀ ನಡೆಸಿದ ಶಸ್ತ್ರಕ್ರಿಯೆಗಳು ಈ ಮಾರ್ಗದ ಮೊದಲ ಮೈಲಿಗಲ್ಲುಗಳು. ೧೯೨೬ರಲ್ಲಿ ಪರ್ಸಿವಲ್ ಬೈಲಿ ಮತ್ತು ಕುಷಿಂಗ್ ಗ್ಲಯೋಮಗಳನ್ನು, ಅಂದರೆ ಮಿದುಳಿನ ಆಧಾರಕೋಶಗಳಿಂದ ಹುಟ್ಟುವ ಗಡ್ಡೆಗಳನ್ನು, ಸೂಕ್ಷ್ಮದರ್ಶಕದ ಆಧಾರದ ಮೇಲೆ ವರ್ಗೀಕರಿಸಿದರು. ಆಮೇಲೆಯೇ ಯಾವ ಗಡ್ಡೆ ಎಷ್ಟು ಬಾರಿ ರಕ್ತ ಸ್ರವಿಸುತ್ತದೆಂದು ಎಣಿಸುವುದು ಸಾಧ್ಯವಾಯಿತು.

ಈ ಎಣಿಕೆಯ ಚರಿತ್ರೆ ಬೋಧಪ್ರದವಾಗಿದೆ. ೧೯೩೩ರಲ್ಲಿ ಎರಿಕ್ ಓಲ್ಡ್‌ಬರ್ಗ್ ೮೩೨ ಗ್ಲಯೋಮಗಳನ್ನು ಪರಿಶೀಲಿಸಿ, ಅವುಗಳಲ್ಲಿ ೩೧ರಲ್ಲಿ ಮಾತ್ರ ರಕ್ತಸ್ರಾವವನ್ನು ಕಂಡನು. ಇದು ನೂರಕ್ಕೆ ಸುಮಾರು ೩.೭. ೧೯೮೨ರಲ್ಲಿ ಜಪಾನಿನ ವಾಕಾಯಿ ಮತ್ತು ಅವನ ಸಹೋದ್ಯೋಗಿಗಳು ೧೮೬೧ ಗಡ್ಡೆಗಳಲ್ಲಿ ೯೪ನ್ನು ರಕ್ತಸ್ರಾವವುಳ್ಳವೆಂದು ಎಣಿಸಿದರು; ಇದು ನೂರಕ್ಕೆ ಸುಮಾರು ೫. ೧೯೮೭ರಲ್ಲಿ ಕೊಂಡ್ಜಿಯೋಲ್ಕ ಮತ್ತು ಸಂಗಡಿಗರು ೯೦೫ ಗಡ್ಡೆಗಳನ್ನು ಪರೀಕ್ಷಿಸಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸ್ರಾವವನ್ನೂ ಸೇರಿಸಿಕೊಂಡು ನೂರಕ್ಕೆ ೧೪.೬ ಎಂಬ ಪ್ರಮಾಣಕ್ಕೆ ಬಂದರು. ಬರಿಗಣ್ಣಿಗೆ ಕಾಣುವ ಸ್ರಾವ ಅದರಲ್ಲಿ ೫.೪ ಮಾತ್ರ. ಮೂರು ಎಣಿಕೆಗಳಲ್ಲಿ ಆರಿಸಿಕೊಂಡ ಗಡ್ಡೆಗಳು ಒಂದೇ ಬಗೆಯವಲ್ಲವಾದುದರಿಂದ ಇವನ್ನು ನೇರವಾಗಿ ಹೋಲಿಸುವುದು ಸಲ್ಲದು. ಆದರೆ ಕೊನೆಯ ಎಣಿಕೆಯೊಂದರಿಂದಲೇ ಒಂದು ವಿಷಯ ಸ್ಪಷ್ಟವಾಗುತ್ತದೆ: ಅದೇ ಗಡ್ಡೆಗಳು, ಅದೇ ರೋಗಿಗಳು, ನೋಡುವ ಸಾಧನ ಸೂಕ್ಷ್ಮವಾದೊಡನೆ ಪ್ರಮಾಣವು ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ವಿರಳತೆಯೆಂಬುದು ರೋಗದ ಗುಣವಾಗಿರುವಂತೆಯೇ ನೋಟದ ಗುಣವೂ ಆಗಿರುತ್ತದೆ.

ಗಡ್ಡೆಯಲ್ಲಿ ರಕ್ತಸ್ರಾವವೇಕೆ ಆಗುತ್ತದೆಂಬುದಕ್ಕೆ ಹಲವು ಕಾರಣಗಳಿವೆ. ವೇಗವಾಗಿ ಬೆಳೆಯುವ ಗಡ್ಡೆ ತನ್ನ ಪೋಷಣೆಗಾಗಿ ಹೊಸ ರಕ್ತನಾಳಗಳನ್ನು ಪ್ರಚೋದಿಸುತ್ತದೆ. ಅವಸರದಲ್ಲಿ ಹುಟ್ಟಿದ ಆ ನಾಳಗಳ ಗೋಡೆ ತೆಳುವಾಗಿಯೂ ಅಕ್ರಮವಾಗಿಯೂ ಇರುತ್ತದೆ. ಗಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಅದು ಸತ್ತು ಕೊಳೆತಾಗ ನಾಳಗಳ ಆಸರೆ ತಪ್ಪುತ್ತದೆ. ಕೆಲವೊಮ್ಮೆ ಗಡ್ಡೆಯ ಕೋಶಗಳು ನಾಳದ ಗೋಡೆಯನ್ನೇ ಹೊಕ್ಕು ಅದನ್ನು ದುರ್ಬಲಗೊಳಿಸುತ್ತವೆ. ಚರ್ಮದ ಮೆಲನೋಮ, ಮೂತ್ರಪಿಂಡ, ಥೈರಾಯಿಡ್ ಮುಂತಾದ ಕಡೆಯ ಕ್ಯಾನ್ಸರು ಮಿದುಳಿಗೆ ಹರಡಿದಾಗ ಆಗುವ ಗಡ್ಡೆಗಳು ರಕ್ತ ಸ್ರವಿಸುವುದಕ್ಕೆ ಪ್ರಸಿದ್ಧವಾಗಿವೆ. ಮಿದುಳಿನಲ್ಲಿಯೇ ಹುಟ್ಟುವವುಗಳಲ್ಲಿ ಗ್ಲಯೋಬ್ಲಾಸ್ಟೋಮ, ಒಲಿಗೋಡೆಂಡ್ರೋಗ್ಲಯೋಮಗಳನ್ನು ಹೆಸರಿಸಬಹುದು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಸಾಮಾನ್ಯವಾಗಿ ಸೌಮ್ಯಸ್ವಭಾವದ್ದು, ವೃದ್ಧರಲ್ಲಿ ಹೆಚ್ಚಾಗಿ ಕಾಣುವಂತಹುದು. ಅದರಲ್ಲಿ ರಕ್ತಸ್ರಾವವಾಗುವುದು ತೀರ ಅಪೂರ್ವ. ಅಪೂರ್ವವಾದ ಕಾರಣದಿಂದಲೇ ಅದು ನೆನಪಿಗೆ ಬರುವುದಿಲ್ಲ.

ಪಿಟ್ಯುಟರಿ ಗ್ರಂಥಿಯ ಗಡ್ಡೆಯ ಕಥೆ ಪ್ರತ್ಯೇಕವಾಗಿ ಹೇಳತಕ್ಕದ್ದು. ೧೮೯೮ರಲ್ಲಿ ಅಮೆರಿಕದ ಪಿಯರ್ಸ್ ಬೈಲಿ ಇಂತಹ ಗಡ್ಡೆಯೊಂದರಲ್ಲಿ ಆದ ರಕ್ತಸ್ರಾವವನ್ನು ವರದಿಮಾಡಿದನು. ೧೯೫೦ರಲ್ಲಿ ಬ್ರೌಹಮ್, ಹ್ಯೂಸ್ನರ್, ಆಡಮ್ಸ್ ಎಂಬ ಮೂವರು ಇದಕ್ಕೆ ‘ಪಿಟ್ಯುಟರಿ ಅಪೊಪ್ಲೆಕ್ಸಿ’ ಎಂಬ ಹೆಸರನ್ನಿಟ್ಟರು. ಸಿಡಿಲು ಬಡಿದಂತೆ ತಲೆನೋವು, ವಾಂತಿ, ದೃಷ್ಟಿ ಮಸುಕಾಗುವುದು, ರೆಪ್ಪೆ ಇಳಿಬೀಳುವುದು ಇದರ ಲಕ್ಷಣಗಳು. ವರದಿಗೂ ಹೆಸರಿಗೂ ನಡುವೆ ೫೨ ವರ್ಷಗಳು ಕಳೆದುವು. ಹೆಸರು ಬಂದ ಮೇಲೆ ಎಲ್ಲೆಡೆಯಿಂದಲೂ ಹೊಸ ಹೊಸ ವರದಿಗಳು ಬರತೊಡಗಿದುವು. ಹೆಸರಿಲ್ಲದ ರೋಗವನ್ನು ಯಾರೂ ಹುಡುಕುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೫

ಇನ್ನು ನಮ್ಮ ಸೀಮೆಯ ಆಕರಗಳತ್ತ ತಿರುಗಬಹುದು. ಈ ಪ್ರದೇಶದ ಪ್ರಾಚೀನತೆಗೆ ಸಾಕ್ಷ್ಯದ ಕೊರತೆಯಿಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩ರಿಂದ ೧೯೬೫ರವರೆಗೆ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ ನವಶಿಲಾಯುಗದ ಜನರ ಬಾಳುವೆಯೂ ಅವರ ಶವಸಂಸ್ಕಾರದ ರೀತಿಯೂ ಬೆಳಕಿಗೆ ಬಂದುವು. ಕುರುಗೋಡು ಸಿಂದರ ರಾಜಧಾನಿಯಾಗಿದ್ದುದು ಶಾಸನಗಳಿಂದ ವಿದಿತವಾಗಿದೆ. ಆದರೆ ಎಲುಬು ಮೂಳೆನೋವನ್ನು ಹೇಳೀತು, ಮಿದುಳಿನ ಗಡ್ಡೆಯನ್ನು ಹೇಳಲಾರದು. ಮೆತ್ತನೆಯ ಅಂಗವು ಮಣ್ಣಿನಲ್ಲಿ ಉಳಿಯುವುದಿಲ್ಲ. ಶಾಸನಗಳು ದಾನಧರ್ಮಗಳನ್ನೂ ವೀರಮರಣವನ್ನೂ ಬರೆಯುತ್ತವೆ. ಹಾಸಿಗೆ ಹಿಡಿದು ಸತ್ತ ಮುದುಕನ ತಲೆನೋವು ಅವುಗಳ ವಸ್ತುವಲ್ಲ.

ಬಳ್ಳಾರಿಯು ೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ದತ್ತವಾದ ಜಿಲ್ಲೆಗಳಲ್ಲಿ ಸೇರಿ, ಥಾಮಸ್ ಮನ್ರೋನ ಆಡಳಿತಕ್ಕೆ ಒಳಪಟ್ಟು, ಮದರಾಸು ಪ್ರಾಂತದ ಭಾಗವಾಯಿತು. ಪ್ರಾಂತದ ನೈರ್ಮಲ್ಯಾಧಿಕಾರಿಗಳ ವಾರ್ಷಿಕ ವರದಿಗಳಲ್ಲಿ ಮರಣದ ಕಾರಣಗಳನ್ನು ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಮುಂದೆ ಪ್ಲೇಗು, ಗಾಯ ಎಂಬ ಕಂಬಸಾಲುಗಳಲ್ಲಿ ತುಂಬಿ, ಮಿಕ್ಕುದೆಲ್ಲವನ್ನೂ ‘ಇತರ ಎಲ್ಲ ಕಾರಣಗಳು’ ಎಂಬ ಒಂದೇ ಸಾಲಿಗೆ ಸೇರಿಸಲಾಗುತ್ತಿತ್ತು. ೧೮೯೯ರಲ್ಲಿ ಮದರಾಸು ಪ್ರಾಂತಕ್ಕೆ ಜನನಮರಣಗಳ ನೋಂದಣಿಯ ಶಾಸನವಾದ ಮೇಲೆಯೂ ಹಳ್ಳಿಗಳಲ್ಲಿ ಮರಣವನ್ನು ಬರೆದವರು ಗ್ರಾಮಾಧಿಕಾರಿಗಳೇ ಹೊರತು ವೈದ್ಯರಲ್ಲ. ಈ ಕ್ರಮವನ್ನು ಹಳಿಯುವುದು ಸುಲಭ. ಅರ್ಥಮಾಡಿಕೊಳ್ಳುವುದು ಹೆಚ್ಚು ಯುಕ್ತ. ೧೮೭೬-೭೮ರ ಮಹಾಕ್ಷಾಮದಲ್ಲಿ ಅತ್ಯಂತ ಘೋರವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕಾಲರಾ, ಪ್ಲೇಗುಗಳು ಊರಿಗೆ ಊರನ್ನೇ ಖಾಲಿಮಾಡುತ್ತಿದ್ದ ಕಾಲದ ದಫ್ತರವು ಸಾಂಕ್ರಾಮಿಕವನ್ನು ಹಿಡಿಯಲೆಂದು ಹೆಣೆದ ಬಲೆ. ವೃದ್ಧನೊಬ್ಬನ ಮಿದುಳಿನ ರಕ್ತಸ್ರಾವ ಆ ಬಲೆಯ ಕಣ್ಣಿನಿಂದ ನುಣುಚಿ ‘ಇತರ ಕಾರಣ’ಗಳಲ್ಲಿ ಬೀಳುತ್ತಿತ್ತು.

ಆದಕಾರಣ ಹಳೆಯ ದಫ್ತರದಲ್ಲಿ ಈ ರೋಗದ ಉಲ್ಲೇಖವಿಲ್ಲವೆಂಬುದರಿಂದ ಅದು ಇಲ್ಲಿ ಇರಲಿಲ್ಲವೆಂದು ಸಾಧಿಸಲಾಗದು. ಕೇಳದ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರವಿರುವುದಿಲ್ಲ ಎಂಬುದು ಚರಿತ್ರೆಯ ವಿದ್ಯಾರ್ಥಿಗಳು ಪದೇ ಪದೇ ನೆನೆಯಬೇಕಾದ ಮಾತು.

೬

ಮೂರನೆಯದು ದಾರಿಯ ಪ್ರಶ್ನೆ. ಭಾರತದಲ್ಲಿ ನರಶಸ್ತ್ರವೈದ್ಯದ ಮೊದಲ ವಿಭಾಗವನ್ನು ೧೯೪೯ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿ ಆರಂಭಿಸಿದರು. ಅವರು ಕೆನಡದ ಮಾಂಟ್ರಿಯಲ್ಲಿನಲ್ಲಿ ಪೆನ್‌ಫೀಲ್ಡ್ ಅವರ ಬಳಿ ಶಿಕ್ಷಣ ಪಡೆದವರು. ೧೯೫೦ರಲ್ಲಿ ಡಾ. ಬಿ. ರಾಮಮೂರ್ತಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಈ ಕಾರ್ಯವನ್ನು ಪ್ರಾರಂಭಿಸಿದರು. ೧೯೫೧ರಲ್ಲಿ ಇವರಿಬ್ಬರೂ ಡಾ. ಎಸ್. ಟಿ. ನರಸಿಂಹನ್, ಡಾ. ಬಲದೇವ ಸಿಂಗ್ ಅವರೊಡನೆ ಕೂಡಿ ಭಾರತೀಯ ನರವೈದ್ಯ ಸಂಘವನ್ನು ಸ್ಥಾಪಿಸಿದರು. ಆಗ ಬಳ್ಳಾರಿ ಮದರಾಸು ರಾಜ್ಯದ ಜಿಲ್ಲೆಯಾಗಿದ್ದುದರಿಂದ ಈ ಎರಡು ಕೇಂದ್ರಗಳೂ ಬಳ್ಳಾರಿಯವರ ಸ್ವಂತ ರಾಜ್ಯದಲ್ಲಿಯೇ ಇದ್ದುವು. ಗುಂತಕಲ್ಲು, ರೇಣಿಗುಂಟೆಗಳ ಮೇಲೆ ಹಾದುಹೋಗುವ ರೈಲುಮಾರ್ಗವೂ ಅತ್ತಲೇ ಒಯ್ಯುತ್ತಿತ್ತು.

ಈ ಸನ್ನಿವೇಶ ಬಹುಕಾಲ ನಿಲ್ಲಲಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿ, ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಕನ್ನಡಿಗರ ಪಾಲಿಗೆ ಅದು ದೀರ್ಘಕಾಲದ ಹೋರಾಟದ ಫಲ. ಅದರ ಮಹತ್ವವನ್ನು ಇಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ರೋಗಿಯ ದೃಷ್ಟಿಯಿಂದ ನೋಡಿದರೆ ಅಂದು ಒಂದು ವಿಚಿತ್ರ ಅಂತರ ಉಂಟಾಯಿತು. ಮಿದುಳಿನ ಶಸ್ತ್ರಕ್ರಿಯೆ ನಡೆಯುತ್ತಿದ್ದ ಮದರಾಸು, ವೆಲ್ಲೂರುಗಳು ಪರರಾಜ್ಯದವಾದುವು. ಸ್ವರಾಜ್ಯದ ರಾಜಧಾನಿಯಾದ ಬೆಂಗಳೂರಿನಲ್ಲಿ ಅಂತಹ ಕೇಂದ್ರ ಇನ್ನೂ ಹುಟ್ಟಿರಲಿಲ್ಲ. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ೧೯೫೮ರಲ್ಲಿ ಡಾ. ಆರ್. ಎಂ. ವರ್ಮ ಅವರಿಂದ ನರಶಸ್ತ್ರವೈದ್ಯ ಮೊದಲಾಯಿತು. ಆ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಬಳ್ಳಾರಿಯಲ್ಲಿಯೇ ೧೯೬೧ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ವಿಮ್ಸ್ ಎಂಬ ಹೆಸರಿನಿಂದ ಅದು ಮುಂದೆ ಬಹುಕಾಲ ಜನರ ಬಾಯಲ್ಲಿತ್ತು. ಈ ಕಾಲೇಜಿನಿಂದ ಜಿಲ್ಲೆಗೆ ಆದ ಉಪಕಾರ ಅಪಾರ. ಆದರೂ ಮಿದುಳಿನ ಗಡ್ಡೆಯ ಮಾತು ಬಂದಾಗ ಸುಮಾರು ೩೦೦ ಕಿಲೋಮೀಟರು ದೂರದ ಬೆಂಗಳೂರಿನ ಹೆಸರೇ ಮುಂದೆ ಬರುತ್ತಿತ್ತು.

ದೂರವನ್ನು ಮೈಲಿಯಿಂದ ಮಾತ್ರ ಅಳೆಯಬಾರದು. ತುಂಗಭದ್ರೆಯ ದಡದ ಒಂದು ಹಳ್ಳಿಯಲ್ಲಿ ಬತ್ತದ ನಾಟಿಯ ಕಾಲದಲ್ಲಿ ಎಪ್ಪತ್ತೆರಡು ವರ್ಷದ ಅಜ್ಜಿಯೊಬ್ಬಳು ಹಾಸಿಗೆ ಹಿಡಿದಳೆಂದು ಇಟ್ಟುಕೊಳ್ಳೋಣ. ಅವಳನ್ನು ಮೊದಲು ಸಿರುಗುಪ್ಪಕ್ಕೆ, ಅಲ್ಲಿಂದ ಸುಮಾರು ೫೫ ಕಿಲೋಮೀಟರು ದೂರದ ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿಗೆ ಕರೆದೊಯ್ಯಬೇಕಾದರೆ ಮನೆಯ ಇಬ್ಬರು ದುಡಿಯುವವರು ಕೆಲಸ ಬಿಡಬೇಕು, ಸಾಲ ತರಬೇಕು, ಗೊತ್ತಿಲ್ಲದ ಊರಿನಲ್ಲಿ ತಂಗಬೇಕು. ಮೂವತ್ತು ವರ್ಷದ ಮಗನಾದರೆ ಹೊಲ ಮಾರಿಯಾದರೂ ಒಯ್ಯುತ್ತಾರೆ. ಅಜ್ಜಿಯ ವಿಷಯದಲ್ಲಿ ‘ವಯಸ್ಸಾಯಿತು’ ಎಂಬ ಮಾತು ಮೊದಲು ಬರುತ್ತದೆ. ಆ ಮಾತನ್ನು ಕೆಲವೊಮ್ಮೆ ಅಜ್ಜಿಯೇ ಆಡುತ್ತಾಳೆ. ಇದನ್ನು ನಿರ್ದಯತೆಯೆಂದು ಕರೆಯಲಾಗದು. ಬಡತನದಲ್ಲಿ ಕುಟುಂಬವು ಮಾಡಬೇಕಾದ ಲೆಕ್ಕಾಚಾರವದು. ಬಳ್ಳಾರಿ ಜಿಲ್ಲೆಯೂ ಸೇರಿದಂತೆ ಗುಲ್ಬರ್ಗ ವಿಭಾಗದಲ್ಲಿ ೨೦೧೦ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡವರ ನರರೋಗ, ಕ್ಯಾನ್ಸರುಗಳ ದೊಡ್ಡ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡುದು ಈ ಲೆಕ್ಕವನ್ನು ಸ್ವಲ್ಪಮಟ್ಟಿಗೆ ಬದಲಿಸಿದ ಘಟನೆಯಾದುದರಿಂದ ಈ ಚರಿತ್ರೆಯಲ್ಲಿ ಅದಕ್ಕೂ ಸ್ಥಾನವಿದೆ. ಆದರೆ ಯೋಜನೆಯು ಚಿಕಿತ್ಸೆಗೆ ಹಣ ಕೊಟ್ಟೀತು. ರೋಗವಿದೆಯೆಂಬ ಸಂದೇಹವನ್ನು ಹುಟ್ಟಿಸಲಾರದು.

೭

ಸಂದೇಹವನ್ನು ಪರೀಕ್ಷಿಸುವ ಸಾಧನಗಳೂ ಮೊದಮೊದಲು ವೃದ್ಧರಿಗೆ ಅನುಕೂಲವಾಗಿರಲಿಲ್ಲ. ೧೯೧೮ರಲ್ಲಿ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆಯುವ ಕ್ರಮವನ್ನೂ, ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕತ್ತಿನ ರಕ್ತನಾಳಕ್ಕೆ ದ್ರವವನ್ನು ಚುಚ್ಚಿ ಮಿದುಳಿನ ನಾಳಗಳ ಚಿತ್ರ ತೆಗೆಯುವ ಕ್ರಮವನ್ನೂ ಕಂಡುಹಿಡಿದರು. ಮೊದಲನೆಯದು ಅತಿ ಯಾತನೆಯದು, ಎರಡನೆಯದು ಗಡುಸಾದ ನಾಳಗಳಿರುವ ಮುದುಕರಿಗೆ ಅಪಾಯಕರವಾದುದು. ಪರೀಕ್ಷೆಯಿಂದಲೇ ಪ್ರಾಣಕ್ಕೆ ಸಂಚಕಾರ ಬರಬಹುದಾದಲ್ಲಿ ವೈದ್ಯರು ಹಿಂಜರಿದುದು ನ್ಯಾಯವಾಗಿತ್ತು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್‌ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿ.ಟಿ. ಚಿತ್ರವನ್ನು ತೆಗೆಯಲಾಯಿತು, ಮಿದುಳಿನ ಗಡ್ಡೆಯೆಂದು ಸಂದೇಹಿಸಿದ್ದ ರೋಗಿಯೇ ಅವರು. ನೋವಿಲ್ಲದೆ, ಚುಚ್ಚದೆ, ಕೆಲವು ನಿಮಿಷಗಳಲ್ಲಿ ತಲೆಯೊಳಗಿನ ರಕ್ತವನ್ನು ಕಾಣುವುದು ಇದರಿಂದ ಸಾಧ್ಯವಾಯಿತು. ವಯಸ್ಸು ಪರೀಕ್ಷೆಗೆ ಅಡ್ಡಿಯೆಂಬ ವಾದ ಆ ದಿನದಿಂದ ತನ್ನ ಬಲವನ್ನು ಕಳೆದುಕೊಳ್ಳತೊಡಗಿತು. ಅನಂತರ ಬಂದ ಎಂ.ಆರ್.ಐ. ಮತ್ತಷ್ಟು ಸೂಕ್ಷ್ಮವನ್ನು ತೋರಿಸಿತು.

ಆದರೂ ಯಂತ್ರವು ಎಲ್ಲವನ್ನೂ ತಾನಾಗಿ ಹೇಳುವುದಿಲ್ಲ. ಹೊಸ ರಕ್ತವು ಚಿತ್ರದಲ್ಲಿ ಬೆಳ್ಳಗೆ ಹರಡಿ ಅದರ ಹಿಂದಿನ ಗಡ್ಡೆಯನ್ನು ಮುಚ್ಚಿಬಿಡಬಹುದು. ಒತ್ತಡದಿಂದಾಗುವ ಸ್ರಾವ ಸಾಮಾನ್ಯವಾಗಿ ಮಿದುಳಿನ ಆಳದ ಕೆಲವು ನಿಯತ ಸ್ಥಾನಗಳಲ್ಲಿ ಆಗುತ್ತದೆ. ಸ್ರಾವವು ಬೇರೆಡೆ ಆಗಿದ್ದರೆ, ಮೊದಲ ದಿನವೇ ಸುತ್ತಲೂ ಬಾವು ಅತಿಯಾಗಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ರಕ್ತವಿದ್ದರೆ, ಬೀಳುವ ಮೊದಲು ವಾರಗಟ್ಟಲೆ ತಲೆನೋವು, ಮರೆವು, ಸ್ವಭಾವದ ಬದಲಾವಣೆ, ಮೂರ್ಛೆ ಇದ್ದುವೆಂದು ಮನೆಯವರು ಹೇಳಿದರೆ ಗಡ್ಡೆಯನ್ನು ಸಂದೇಹಿಸಬೇಕು. ವೃದ್ಧರಲ್ಲಿ ಮತ್ತೊಂದು ತೊಡಕಿದೆ: ವಯಸ್ಸಿನೊಡನೆ ನಾಳಗಳ ಗೋಡೆಯಲ್ಲಿ ಅಮಿಲಾಯಿಡ್ ಎಂಬ ವಸ್ತು ಶೇಖರವಾಗಿ, ಗಡ್ಡೆಯಿಲ್ಲದೆಯೂ ಮಿದುಳಿನ ಹೊರಭಾಗದಲ್ಲಿ ರಕ್ತಸ್ರಾವವಾಗುವುದುಂಟು. ಆದುದರಿಂದ ಕೆಲವು ವಾರಗಳು ಕಳೆದು ರಕ್ತ ಕರಗಿದ ಮೇಲೆ ಮರಳಿ ಚಿತ್ರ ತೆಗೆಯುವುದು ಅವಶ್ಯಕ. ಶಸ್ತ್ರಕ್ರಿಯೆ ಮಾಡಿ ಹೆಪ್ಪುಗಟ್ಟಿದ ರಕ್ತವನ್ನು ತೆಗೆದಲ್ಲಿ, ಅದನ್ನು ಚೆಲ್ಲದೆ ಸುತ್ತಲಿನ ಅಂಗಾಂಶದ ತುಣುಕಿನೊಡನೆ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುವುದು ಅತಿ ಮುಖ್ಯ. ವೆಪ್ಫರನು ಶವದಲ್ಲಿ ಕಂಡುದನ್ನು ಇಲ್ಲಿ ಬದುಕಿರುವ ರೋಗಿಯಲ್ಲಿ ಕಾಣಲು ಅವಕಾಶವಿದೆ.

ಈ ನಿರ್ಣಯದಿಂದ ವೃದ್ಧನಿಗೆ ಆಗುವ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನ ಗಣನೀಯವಾಗಿದೆ. ಮೆನಿಂಜಿಯೋಮವಾದರೆ ಅದನ್ನು ತೆಗೆದು ಹಾಕಿ ವರ್ಷಗಟ್ಟಲೆ ಬದುಕನ್ನು ಕೊಡಬಹುದು. ಪಿಟ್ಯುಟರಿಯ ಸ್ರಾವವನ್ನು ಬೇಗ ಗುರುತಿಸಿದರೆ ಸ್ಟೆರಾಯಿಡ್ ಔಷಧದಿಂದ ಪ್ರಾಣವನ್ನೂ, ಬೇಕಾದಲ್ಲಿ ಶಸ್ತ್ರಕ್ರಿಯೆಯಿಂದ ದೃಷ್ಟಿಯನ್ನೂ ಉಳಿಸಬಹುದು. ಬೇರೆಡೆಯ ಕ್ಯಾನ್ಸರು ಹರಡಿದುದಾದರೆ ಮೂಲವನ್ನು ಹುಡುಕಬಹುದು. ಗ್ಲಯೋಬ್ಲಾಸ್ಟೋಮದಂತಹ ಮಾರಕ ರೋಗವಾದರೆ ವಾಸಿಯಾಗದಿದ್ದರೂ, ಮುಂದೇನು ಬರುವುದೆಂದು ಮನೆಯವರಿಗೂ ರೋಗಿಗೂ ಸತ್ಯವನ್ನು ಹೇಳಿ, ನೋವನ್ನು ಶಮನಗೊಳಿಸಿ, ಆಡಬೇಕಾದ ಮಾತನ್ನು ಆಡಲು ಕಾಲವನ್ನು ಕೊಡಬಹುದು. ಚಿತ್ರವನ್ನೇ ತೆಗೆಯದೆ ಎಲ್ಲವನ್ನೂ ನಾಳ ಕಟ್ಟಿಕೊಂಡ ಲಕ್ವವೆಂದು ಭಾವಿಸಿ ರಕ್ತ ತೆಳುಮಾಡುವ ಔಷಧವನ್ನು ಕೊಟ್ಟರೆ, ಸ್ರಾವವಿರುವ ರೋಗಿಗೆ ಅದೇ ಅಪಾಯವಾದೀತು.

೮

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಮಿದುಳಿನ ಗಡ್ಡೆಯ ರಕ್ತಸ್ರಾವವು ಹಿರಿಯರಲ್ಲಿ ನಿಜವಾಗಿಯೂ ಕಡಿಮೆ. ಆದರೆ ಎಷ್ಟು ಕಡಿಮೆಯೆಂಬ ನಮ್ಮ ತಿಳಿವಳಿಕೆಯು ದೂರದ ನಗರಗಳ ಆಸ್ಪತ್ರೆಗಳಿಂದ ಬಂದುದು. ಭಾರತದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಕರ್ನಾಟಕದ ಪಾಲಿಗೆ ೧೯೮೨ರಿಂದ ಎಣಿಕೆಗೆ ಒಳಪಟ್ಟುದು ಬೆಂಗಳೂರು ನಗರಪ್ರದೇಶ. ಸಿರುಗುಪ್ಪದ ಗದ್ದೆಯ ಬದುವಿನಲ್ಲಿ ಬಿದ್ದವನು ಆ ಎಣಿಕೆಯ ಹೊರಗೆ ಉಳಿದನು. ಅಲ್ಲದೆ ಕ್ಯಾನ್ಸರಿನ ನೋಂದಣಿಯು ಮುಖ್ಯವಾಗಿ ಮಾರಕ ಗಡ್ಡೆಗಳನ್ನು ಕುರಿತುದಾದುದರಿಂದ, ವಾಸಿಮಾಡಬಹುದಾದ ಸೌಮ್ಯ ಗಡ್ಡೆಗಳೇ ಅದರಲ್ಲಿ ಕಾಣದೆ ಹೋಗುವ ಸಂಭವ ಹೆಚ್ಚು. ಮದರಾಸು ಪ್ರಾಂತದ ‘ಇತರ ಎಲ್ಲ ಕಾರಣಗಳು’ ಎಂಬ ಕಂಬಸಾಲು ಹೆಸರು ಬದಲಿಸಿಕೊಂಡು ನಮ್ಮ ಕಾಲದವರೆಗೂ ಬಂದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ಕೊರತೆಯನ್ನು ತುಂಬುವುದು ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ. ಬಳ್ಳಾರಿಯ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ತಂತಮ್ಮ ಊರಿನ ಹಳೆಯ ಮರಣದ ಪುಸ್ತಕಗಳನ್ನು ನೋಡಿ, ಯಾವ ದಶಕದಲ್ಲಿ ಯಾವ ಕಾರಣವನ್ನು ಯಾವ ಮಾತಿನಲ್ಲಿ ಬರೆದಿದ್ದಾರೆಂದು ಪಟ್ಟಿಮಾಡಬಹುದು. ಲಕ್ವ, ವಾಯು, ಗಾಳಿ, ವಯಸ್ಸು ಎಂಬ ಮಾತುಗಳಿಗೆ ಮನೆಯ ಹಿರಿಯರು ಯಾವ ಯಾವ ಅರ್ಥ ಕೊಡುತ್ತಾರೆಂದು ಕೇಳಿ ಬರೆದಿಡಬಹುದು. ರೋಗಿಗಳ ಹೆಸರು ಬೇಕಿಲ್ಲ. ಮಾತು ಮತ್ತು ವರ್ಷ ಸಾಕು. ಕುರುಗೋಡಿನ ಶಾಸನವನ್ನು ಓದಲು ಕಲಿತವರು ಕುರುಗೋಡಿನ ಮರಣದಫ್ತರವನ್ನೂ ಓದಲು ಕಲಿತರೆ ಪ್ರಾದೇಶಿಕ ಚರಿತ್ರೆಗೆ ಒಂದು ಹೊಸ ಆಕರ ಲಭಿಸುತ್ತದೆ.

ಹಿರಿಯರೊಬ್ಬರು ಬಿದ್ದಾಗ ‘ಲಕ್ವ ಹೊಡೆಯಿತು’ ಎಂದು ಹೇಳಿ ಸುಮ್ಮನಾಗುವ ಬದಲು ‘ಯಾವ ಕಾರಣದಿಂದ’ ಎಂದು ಇನ್ನೊಂದು ಪ್ರಶ್ನೆ ಕೇಳುವಷ್ಟು ವಿವೇಕವನ್ನು ಈ ಚರಿತ್ರೆ ಕಲಿಸಿದರೆ ಅದರ ಅಭ್ಯಾಸ ಸಾರ್ಥಕ. ಆ ಪ್ರಶ್ನೆಗೆ ಎಷ್ಟೋ ಬಾರಿ ಹಳೆಯ ಉತ್ತರವೇ ಬರುತ್ತದೆ; ಕೆಲವು ಬಾರಿ ಮಾತ್ರ ಬೇರೆಯದು ಬರುತ್ತದೆ. ಆ ಕೆಲವರಿಗಾಗಿ ಎಲ್ಲರ ವಿಷಯದಲ್ಲಿಯೂ ಪ್ರಶ್ನೆಯನ್ನು ಕೇಳತಕ್ಕದ್ದು.